ಗೋಡೆ ಹತ್ತಿದ ಖಲೀಫರು, ಬಾಗಿಲು ಬಡಿದ ಚೌಕಿದಾರರು

ನಮ್ಮ ಮನೆಗಳಲ್ಲಿ ಈಚೆಗೆ ಒಂದು ಮಾತು ರೂಢಿಯಾಗಿಬಿಟ್ಟಿದೆ. ಫೋನಿನಲ್ಲಿ ಮಾತಾಡುತ್ತಿರುವಾಗ ಯಾರದೋ ಬಂಧನದ ಸುದ್ದಿಯೋ ಹೊಸ ಕಾನೂನಿನ ಪ್ರಸ್ತಾಪವೋ ಬಂದ ಕೂಡಲೇ, "ಅದೆಲ್ಲ ಫೋನಲ್ಲಿ ಬೇಡ, ಮನೆಗೆ ಬಾ, ಕೂತು ಮಾತಾಡೋಣ" ಎಂದು ಹಿರಿಯರು ತಡೆಯುತ್ತಾರೆ. ಹಾಗೆ ತಡೆಯುವವರು ಯಾವ ತಪ್ಪನ್ನೂ ಮಾಡಿದವರಲ್ಲ. ಅವರ ಫೋನನ್ನು ಯಾರಾದರೂ ಕೇಳುತ್ತಿದ್ದಾರೆ ಎಂಬುದಕ್ಕೆ ಪುರಾವೆಯೂ ಇಲ್ಲ. ಆದರೆ ಕೇಳುತ್ತಿಲ್ಲ ಎಂದು ಖಾತ್ರಿಪಡಿಸಿಕೊಳ್ಳುವ ದಾರಿಯೂ ಅವರಿಗಿಲ್ಲ. ಈ ಎರಡನೆಯ ವಿಷಯದ ಬಗ್ಗೆ, ಅದರ ಹಿಂದಿರುವ ಚರಿತ್ರೆಯ ಬಗ್ಗೆ ನಾವಿಲ್ಲಿ ಸ್ವಲ್ಪ ವಿವರವಾಗಿ ಬರೆಯಬೇಕೆಂದಿದ್ದೇವೆ.

ಸೂರಃ ಅಲ್ ಹುಜುರಾತ್‌ನ 12ನೇ ಸೂಕ್ತವನ್ನು ಜುಮಾ ಖುತ್ಬಾಗಳಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. ಗುಮಾನಿ, ಗೂಢಚಾರಿಕೆ, ಪರನಿಂದೆ ಈ ಮೂರನ್ನೂ ಒಟ್ಟಿಗೆ ತಡೆಯುವ ಸೂಕ್ತ ಅದು. ಖತೀಬರು ಸಾಮಾನ್ಯವಾಗಿ ಪರನಿಂದೆಯ ಬಗ್ಗೆ ಹೆಚ್ಚು ಹೇಳುತ್ತಾರೆ. ನಡುವೆ ಇರುವ ತಜಸ್ಸುಸ್, ಅಂದರೆ ಇನ್ನೊಬ್ಬರ ಗುಟ್ಟನ್ನು ಕೆದಕುವುದು, ಬೇಗ ದಾಟಿಹೋಗುತ್ತದೆ. ವಿವರಿಸಿದರೂ ನೆರೆಮನೆಯ ಕಿಟಕಿಗೆ ಇಣುಕಬೇಡಿ ಎಂಬಲ್ಲಿಗೆ ನಿಲ್ಲುತ್ತದೆ. ಆದರೆ ಸಹಾಬಿಗಳ ಕಾಲದಲ್ಲಿ ಈ ಸೂಕ್ತವನ್ನು ನೆನಪಿಸಿದ್ದು ನೆರೆಯವರಿಗೆ ಮಾತ್ರವಲ್ಲ, ಆಳುವವರಿಗೂ ನೆನಪಿಸಿದ್ದರು.

ಹಝ್ರತ್ ಉಮರ್(ರ)ರವರ ರಾತ್ರಿ ಗಸ್ತಿನ ಕಥೆಗಳು ನಮ್ಮ ಮಕ್ಕಳಿಗೂ ಗೊತ್ತು. ಹಸಿದ ಮಕ್ಕಳಿಗಾಗಿ ಹಿಟ್ಟಿನ ಮೂಟೆಯನ್ನು ಬೆನ್ನ ಮೇಲೆ ಹೊತ್ತು ತಂದದ್ದನ್ನು ಮದ್ರಸದ ಪುಸ್ತಕಗಳಲ್ಲಿ ಓದಿದ್ದೇವೆ. ಅದೇ ಗಸ್ತಿನ ಇನ್ನೊಂದು ಘಟನೆಯನ್ನು ಇಮಾಮ್ ಗಝ್ಝಾಲಿಯವರೂ ಉಲ್ಲೇಖಿಸುತ್ತಾರೆ. ಒಂದು ರಾತ್ರಿ ಮದೀನಾದ ಬೀದಿಯಲ್ಲಿ ಹೋಗುತ್ತಿದ್ದಾಗ ಒಂದು ಮನೆಯೊಳಗಿಂದ ಹಾಡಿನ ಸದ್ದು ಕೇಳಿಸಿತು. ಉಮರ್(ರ) ಗೋಡೆ ಹತ್ತಿ ಒಳಗಿಳಿದರು. ಒಳಗೆ ಒಬ್ಬ ಮನುಷ್ಯ ಮದ್ಯದೊಂದಿಗೆ ಕುಳಿತಿದ್ದ. ಖಲೀಫರು ಗದರಿದಾಗ ಅವನು ಹೆದರಿ ಕಾಲಿಗೆ ಬೀಳಲಿಲ್ಲ. ತಾನು ಒಂದು ವಿಷಯದಲ್ಲಿ ಅಲ್ಲಾಹನ ಆಜ್ಞೆಯನ್ನು ಮೀರಿದ್ದರೆ ಅಮೀರುಲ್ ಮುಅ್ಮಿನೀನ್ ಮೂರು ವಿಷಯಗಳಲ್ಲಿ ಮೀರಿದ್ದಾರೆ ಎಂದ. ಗುಟ್ಟು ಕೆದಕಬೇಡಿ ಎಂದಿದ್ದರೂ ಕೆದಕಿದರು, ಮನೆಗೆ ಬಾಗಿಲಿನಿಂದ ಬನ್ನಿ ಎಂದಿದ್ದರೂ ಗೋಡೆ ಹಾರಿದರು, ಅನುಮತಿ ಕೇಳಿ ಸಲಾಮ್ ಹೇಳದೆ ಒಳಬರಬೇಡಿ ಎಂದಿದ್ದರೂ ಬಂದರು. ಆ ಕಾಲದ ಅತಿ ದೊಡ್ಡ ಸಾಮ್ರಾಜ್ಯಗಳನ್ನು ಸೋಲಿಸಿದ ಸೇನೆಗಳ ಒಡೆಯ ಆ ಮಾತನ್ನು ಒಪ್ಪಿಕೊಂಡರು. ಇನ್ನು ಮುಂದೆ ಇದನ್ನು ಬಿಡುತ್ತೀಯಾ ಎಂದು ಕೇಳಿ, ಅವನನ್ನು ಕ್ಷಮಿಸಿ ಹೊರಟುಹೋದರು.

ಈ ವರದಿಯ ಸನದು ಎಷ್ಟು ಬಲವಾದುದು ಎಂಬ ಚರ್ಚೆ ವಿದ್ವಾಂಸರ ನಡುವೆ ಇದೆ. ಅದನ್ನು ಮರೆಮಾಚುವ ಅಗತ್ಯ ನಮಗಿಲ್ಲ. ಏಕೆಂದರೆ ಇದೇ ನಿಲುವು ಬೇರೆ ಕಡೆಯೂ ಸಿಗುತ್ತದೆ. ಗಡ್ಡದಿಂದ ಮದ್ಯ ತೊಟ್ಟಿಕ್ಕುತ್ತಿದೆ ಎಂದು ಒಬ್ಬನ ಬಗ್ಗೆ ದೂರು ಬಂದಾಗ ಇಬ್ನು ಮಸ್‌ಊದ್(ರ)ರವರು, ಕೆದಕಲು ನಮಗೆ ಅನುಮತಿಯಿಲ್ಲ, ಕಣ್ಣಿಗೆ ಕಂಡದ್ದರ ಮೇಲೆ ಮಾತ್ರ ಕ್ರಮ ಎಂಬರ್ಥದ ಉತ್ತರ ಕೊಟ್ಟರೆಂದು ಅಬೂದಾವೂದ್‌ನಲ್ಲಿದೆ. ಆಳುವವನು ಜನರ ಮೇಲೆ ಸಂಶಯದಿಂದಲೇ ನಡೆದುಕೊಂಡರೆ ಜನರನ್ನು ಕೆಡಿಸಿಬಿಡುತ್ತಾನೆ ಎಂಬ ಆಶಯದ ಹದೀಸ್ ಕೂಡ ಅದೇ ಸಂಗ್ರಹದಲ್ಲಿದೆ. ಈ ಎರಡನೆಯದರ ಬಗ್ಗೆ ನಾವು ಬಹಳ ಹೊತ್ತು ಯೋಚಿಸಿದ್ದುಂಟು. ಕೆಡುವವರು ಕಣ್ಗಾವಲಿಗೆ ಒಳಗಾದವರು ಎಂದು ಅದು ಹೇಳುತ್ತದೆ. ಸದಾ ಸಂಶಯಕ್ಕೆ ಗುರಿಯಾದವನು ಮುಚ್ಚಿಡುವುದನ್ನು ಕಲಿಯುತ್ತಾನೆ, ಪಕ್ಕದವನನ್ನು ನಂಬುವುದನ್ನು ಬಿಡುತ್ತಾನೆ.

ಹಾಗಾದರೆ ಅಪರಾಧ ತಡೆಯುವುದು ಹೇಗೆ? ಆ ಪ್ರಶ್ನೆಯನ್ನು ನಮ್ಮ ಫುಕಹಾಗಳು ಬಿಟ್ಟಿಲ್ಲ. 1058ರಲ್ಲಿ ಮರಣ ಹೊಂದಿದ ಶಾಫಿಈ ವಿದ್ವಾಂಸ ಅಲ್ ಮಾವರ್ದಿಯವರು ಆಡಳಿತದ ಕಾನೂನಿನ ಬಗ್ಗೆ ಬರೆದ 'ಅಲ್ ಅಹ್ಕಾಮುಸ್ಸುಲ್ತಾನಿಯ್ಯ'ದಲ್ಲಿ ಮುಹ್ತಸಿಬ್ ಎಂಬ ಅಧಿಕಾರಿಯ ಮಿತಿಯನ್ನು ಹೇಳಿದ್ದಾರೆ. ಮುಚ್ಚಿದ ಬಾಗಿಲಿನ ಹಿಂದೆ ಏನಿದೆ ಎಂದು ಆತ ಹುಡುಕಿಕೊಂಡು ಹೋಗುವಂತಿಲ್ಲ. ಆದರೆ ಒಬ್ಬನನ್ನು ಕೊಲ್ಲಲು ಒಳಗೆ ಎಳೆದುಕೊಂಡು ಹೋಗಿದ್ದಾರೆ ಎಂದು ನಂಬಿಗಸ್ತನೊಬ್ಬ ಬಂದು ಹೇಳಿದರೆ, ತಡವಾದರೆ ಮತ್ತೆ ಸರಿಪಡಿಸಲಾಗದ ಹಾನಿಯಾಗುವುದಿದ್ದರೆ, ಒಳಹೋಗಬಹುದು. ಅಂದರೆ ನಿಗಾ ಇಡುವುದೇ ಬೇಡವೆಂದು ಯಾರೂ ಹೇಳಿಲ್ಲ. ಒಂದು ನಿರ್ದಿಷ್ಟ ಅಪಾಯ ಬೇಕು, ನಂಬಲರ್ಹ ಮಾಹಿತಿ ಬೇಕು. ಸುಮ್ಮನೆ ಎಲ್ಲರ ಮನೆಗೂ ಕಿವಿಗೊಡುವ ಪರವಾನಗಿ ಇಲ್ಲ.

ಆಡಳಿತಗಾರರ ಮೇಲೆ ನಿಗಾ ಇಡುವ ವಿಷಯ ಬಂದಾಗ ಅದೇ ಉಮರ್(ರ) ಎಷ್ಟು ಬಿಗಿ! ಕೂಫಾದ ಗವರ್ನರ್ ಸಅದ್ ಬಿನ್ ಅಬೀ ವಕ್ಕಾಸ್(ರ)ರವರ ಮೇಲೆ ಅಲ್ಲಿನವರು ದೂರು ತಂದರು. ನಮಾಝ್ ಸರಿಯಾಗಿ ಮಾಡಿಸುವುದಿಲ್ಲ ಎಂಬುದೂ ಆ ದೂರಿನಲ್ಲಿತ್ತು! ಪ್ರವಾದಿ(ಸ)ರ ಆಪ್ತ ಸಹಾಬಿಯ ಮೇಲಿನ ದೂರು ಎಂದು ಖಲೀಫರು ಅದನ್ನು ಬದಿಗೆ ಸರಿಸಲಿಲ್ಲ. ವಿಚಾರಣೆಗೆ ಜನರನ್ನು ಕಳಿಸಿದರು. ಅವರು ಕೂಫಾದ ಮಸೀದಿ ಮಸೀದಿಗೆ ಹೋಗಿ, ಎಲ್ಲರೆದುರು, ನಿಮ್ಮ ಗವರ್ನರ್ ಹೇಗಿದ್ದಾರೆ ಎಂದು ಕೇಳಿದರು ಎಂದು ಬುಖಾರಿಯಲ್ಲಿದೆ. ಹೆಚ್ಚಿನವರು ಹೊಗಳಿದರು, ಒಬ್ಬ ಎದ್ದು ನಿಂತು ಆರೋಪ ಮಾಡಿದ. ಇದು ಗುಟ್ಟಿನ ತನಿಖೆಯಾಗಿರಲಿಲ್ಲ. ಗವರ್ನರರ ಮೇಲಿನ ದೂರು ಅವರ ಕಚೇರಿಯೊಳಗೆ ಇತ್ಯರ್ಥವಾಗಲಿಲ್ಲ, ಮಸೀದಿಯ ಅಂಗಳಕ್ಕೆ ಬಂತು.

ನಂತರದ ನಮ್ಮ ಚರಿತ್ರೆಯೆಲ್ಲ ಹೀಗೇ ಇತ್ತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಅಬ್ಬಾಸೀ ಖಲೀಫರ ಕಾಲದಲ್ಲಿ 'ಬರೀದ್' ಎಂಬ ಅಂಚೆ ವ್ಯವಸ್ಥೆಯ ಅಧಿಕಾರಿಗಳೇ ಪ್ರಾಂತಗಳ ಸುದ್ದಿಯನ್ನು ಗುಟ್ಟಾಗಿ ರಾಜಧಾನಿಗೆ ಮುಟ್ಟಿಸುತ್ತಿದ್ದರು. ಕಾಗದ ಒಯ್ಯುವವನೇ ಬೇಹುಗಾರ! ಅಂಚೆ ಮತ್ತು ಬೇಹುಗಾರಿಕೆಯ ನಂಟು ಅಷ್ಟು ಹಳೆಯದು. ತಂತಿ ಬಂದ ಮೇಲೆ, ಟೆಲಿಫೋನ್ ಬಂದ ಮೇಲೆ ಆ ನಂಟು ಇನ್ನಷ್ಟು ಗಟ್ಟಿಯಾಯಿತು.

ಇನ್ನು ನಮ್ಮ ದೇಶದ ಕಥೆಗೆ ಬರೋಣ. ಅಲ್ಲೂ ಮೊದಲಿಗೆ ಸಿಗುವುದು ಒಂದು ಮನೆಯ ಬಾಗಿಲು ಮತ್ತು ಒಂದು ರಾತ್ರಿ.

ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರನ್ನು 1941ರಲ್ಲಿ ಒಂದು ದರೋಡೆ ಪ್ರಕರಣದಲ್ಲಿ ಹಿಡಿದಿದ್ದರು. ಸಾಕ್ಷ್ಯವಿಲ್ಲವೆಂದು ಬಿಟ್ಟರು. ಪ್ರಕರಣವೇನೋ ಮುಗಿಯಿತು. ಆದರೆ ಠಾಣೆಯಲ್ಲಿ ಅವರ ಹೆಸರಿನಲ್ಲಿ 'ಹಿಸ್ಟರಿ ಶೀಟ್' ತೆರೆದಾಗಿತ್ತು. ಅದು ಮುಚ್ಚಲಿಲ್ಲ. ಊರಿನ ಚೌಕಿದಾರರು, ಕೆಲವೊಮ್ಮೆ ಕಾನ್‌ಸ್ಟೇಬಲ್‌ಗಳು ರಾತ್ರಿ ಹೊತ್ತು ಬಂದು ಬಾಗಿಲು ಬಡಿದು ಕೂಗಿ ಎಬ್ಬಿಸುತ್ತಿದ್ದರು, ಮನೆಯಲ್ಲಿದ್ದಾರೋ ಇಲ್ಲವೋ ಎಂದು ನೋಡಲು ಒಳಗೂ ಬರುತ್ತಿದ್ದರು. ಊರು ಬಿಟ್ಟು ಹೋಗುವುದಿದ್ದರೆ ಎಲ್ಲಿಗೆ, ಯಾವಾಗ ವಾಪಸ್ ಎಂದು ಚೌಕಿದಾರನಿಗೆ ಹೇಳಬೇಕು. ಅವನು ಠಾಣೆಗೆ ತಿಳಿಸಿದರೆ, ಇವರು ಹೋಗುವ ಊರಿನ ಠಾಣೆಗೆ ಚೀಟಿ ಹೋಗುತ್ತಿತ್ತು. ಅಲ್ಲಿಯೂ ಅದೇ ನಿಗಾ. ರಾಜ್ಯದ ಪೊಲೀಸ್ ನಿಯಮಾವಳಿಯ 236ನೇ ನಿಯಮ ಇದಕ್ಕೆಲ್ಲ ಆಧಾರ. ಮನೆಯ ಸುತ್ತ ಗುಟ್ಟಿನ ಕಾವಲು, ರಾತ್ರಿ ಭೇಟಿ, ಆ ವ್ಯಕ್ತಿಯ ಅಭ್ಯಾಸ, ಒಡನಾಟ, ಆದಾಯ, ಖರ್ಚಿನ ಬಗ್ಗೆ ವಿಚಾರಣೆ, ಓಡಾಟದ ವರದಿ ಎಲ್ಲವನ್ನೂ ಆ ನಿಯಮ ಪಟ್ಟಿ ಮಾಡಿತ್ತು. ಸಂಸತ್ತಾಗಲಿ ವಿಧಾನಸಭೆಯಾಗಲಿ ಮಾಡಿದ ಕಾನೂನು ಅದಲ್ಲ, ಇಲಾಖೆಯ ಅಧಿಕಾರಿಗಳಿಗೆ ಮಾರ್ಗದರ್ಶನವಾಗಿ ಹೊರಡಿಸಿದ ಸೂಚನೆಗಳು.

ಅಪರಾಧ ಸಾಬೀತಾಗದ ಒಬ್ಬ ಮನುಷ್ಯ. ಅವನ ಹಾಳೆಯಲ್ಲಿ ಏನು ಬರೆದಿದ್ದಾರೆ ಎಂದು ಅವನಿಗೆ ಗೊತ್ತಿಲ್ಲ. ಅದನ್ನು ಮುಚ್ಚಿಸಲು ಯಾರ ಬಳಿ ಹೋಗಬೇಕೆಂದೂ ಗೊತ್ತಿಲ್ಲ. ನಮ್ಮ ಊರುಗಳಲ್ಲಿ 'ಹೆಸರು ಠಾಣೆಯಲ್ಲಿದೆ' ಎಂಬ ಒಂದೇ ಕಾರಣಕ್ಕೆ ಮದುವೆ ಸಂಬಂಧ ತಪ್ಪಿದ, ಹಬ್ಬ ಬಂದಾಗಲೆಲ್ಲ ಠಾಣೆಗೆ ಹೋಗಿ ಕೂರಬೇಕಾದ ಮಕ್ಕಳನ್ನು ಕಂಡ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಖರಕ್ ಸಿಂಗ್ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದರು. 1962ರ ಡಿಸೆಂಬರ್ 18ರಂದು ಆರು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ರಾತ್ರಿ ಬಾಗಿಲು ಬಡಿಯುವುದು ಸಂವಿಧಾನಬಾಹಿರ, ಅದು ರದ್ದು. ಉಳಿದದ್ದೆಲ್ಲ ಇರಲಿ! ಖಾಸಗಿತನ ನಮ್ಮ ಸಂವಿಧಾನ ಖಾತ್ರಿಪಡಿಸಿದ ಹಕ್ಕಲ್ಲ, ಆದ್ದರಿಂದ ಓಡಾಟವನ್ನು ಗಮನಿಸಿ ಬರೆದಿಡುವುದರಿಂದ ಯಾವ ಮೂಲಭೂತ ಹಕ್ಕಿಗೂ ಭಂಗವಿಲ್ಲ ಎಂದಿತು ಬಹುಮತ. ನ್ಯಾಯಮೂರ್ತಿ ಸುಬ್ಬರಾವ್ ಮತ್ತು ನ್ಯಾಯಮೂರ್ತಿ ಶಾ ಒಪ್ಪಲಿಲ್ಲ. ಯಾವಾಗಲೂ ಯಾರೋ ನೋಡುತ್ತಿದ್ದಾರೆಂಬ ಅರಿವಿನಲ್ಲಿ ನಡೆಯುವವನ ನಡಿಗೆ ಸ್ವತಂತ್ರ ನಡಿಗೆಯಲ್ಲ, ಇಡೀ ನಿಯಮವೇ ಬಿದ್ದುಹೋಗಬೇಕು ಎಂಬುದು ಅವರ ಭಿನ್ನ ತೀರ್ಪಿನ ತಿರುಳು. ಬಾಗಿಲು ಬಡಿಯುವ ಸದ್ದು ನಿಂತಿತು, ಹಾಳೆಯ ಮೇಲೆ ಬರೆಯುವುದು ನಿಲ್ಲಲಿಲ್ಲ. ಆ ಬಹುಮತದ ತೀರ್ಪಿನ ನೆರಳಿನಲ್ಲೇ ಮುಂದಿನ 55 ವರ್ಷ ಕಳೆಯಿತು.

ಈ ನಡುವೆ ಬಾಗಿಲಿಗೆ ಬರುವ ಅಗತ್ಯವೇ ತಪ್ಪಿಹೋಯಿತು. ಮನೆಮನೆಗೆ ಫೋನು ಬಂತು. ಫೋನ್ ಕದ್ದಾಲಿಕೆಗೆ ಆಧಾರವಾಗಿದ್ದು ಬ್ರಿಟಿಷರು 1885ರಲ್ಲಿ ಮಾಡಿದ ಟೆಲಿಗ್ರಾಫ್ ಕಾಯ್ದೆ. ಸಾರ್ವಜನಿಕ ತುರ್ತು ಪರಿಸ್ಥಿತಿ ಇದ್ದಾಗ ಅಥವಾ ಸಾರ್ವಜನಿಕ ಸುರಕ್ಷತೆಗಾಗಿ ಸರಕಾರ ಸಂದೇಶಗಳನ್ನು ತಡೆದು ಕೇಳಬಹುದು ಎಂದು ಅದರ 5ನೇ ಕಲಮು ಹೇಳುತ್ತಿತ್ತು. ಹೇಗೆ, ಎಷ್ಟು ದಿನ, ಯಾರ ಪರಿಶೀಲನೆಯಲ್ಲಿ ಎಂಬ ನಿಯಮಗಳನ್ನು ಮಾಡುವ ಅಧಿಕಾರವೂ ಸರಕಾರಕ್ಕಿತ್ತು. ಬ್ರಿಟಿಷರು ಹೋಗಿ ದಶಕಗಳು ಕಳೆದರೂ ಆ ನಿಯಮಗಳನ್ನು ಯಾರೂ ಮಾಡಲಿಲ್ಲ. ಅಧಿಕಾರದಲ್ಲಿದ್ದ ಪಕ್ಷಕ್ಕೆ ಅದು ಬೇಕಿರಲಿಲ್ಲ. ವಿರೋಧದಲ್ಲಿದ್ದ ಪಕ್ಷ ನಾಳೆ ಅಧಿಕಾರಕ್ಕೆ ಬರುವ ಆಸೆಯಲ್ಲಿತ್ತು!

ಕನ್ನಡಿಗರಿಗೆ ಈ ವಿಷಯ ಮೊದಲು ಮುಟ್ಟಿದ್ದು 1988ರಲ್ಲಿ. ರಾಜ್ಯದಲ್ಲಿ ರಾಜಕಾರಣಿಗಳೂ ಸೇರಿ ಹಲವರ ಫೋನುಗಳನ್ನು ಕದ್ದಾಲಿಸಲಾಗಿದೆ ಎಂಬ ಆರೋಪ ದೊಡ್ಡ ಗದ್ದಲವಾಗಿ, ಆ ವರ್ಷದ ಆಗಸ್ಟಿನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. ಕದ್ದಾಲಿಕೆಯ ಕಾರಣಕ್ಕೆ ಒಬ್ಬ ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದು ಸಣ್ಣ ವಿಷಯವಲ್ಲ. ಆದರೆ ಅದರಿಂದ ಬದಲಾದದ್ದು ಕುರ್ಚಿಯಲ್ಲಿ ಕೂತವರು ಮಾತ್ರ. ಕಾಯ್ದೆಯ ಒಂದು ಅಕ್ಷರವೂ ಬದಲಾಗಲಿಲ್ಲ. ಮೂರು ದಶಕಗಳ ಬಳಿಕ, 2019ರಲ್ಲಿ ಅಂಥದ್ದೇ ಆರೋಪ ನಮ್ಮ ರಾಜ್ಯದಲ್ಲಿ ಮತ್ತೆ ಎದ್ದು ಸಿಬಿಐ ತನಿಖೆಗೆ ಹೋಯಿತು. ರಾಜಕಾರಣಿಗಳ ಫೋನಿನ ಬಗ್ಗೆ ಇಷ್ಟು ಗದ್ದಲವಾಗುವಾಗ ಸಾಮಾನ್ಯ ಜನರ ಫೋನಿನ ಬಗ್ಗೆ ಯಾರು ಕೇಳುತ್ತಾರೆ ಎಂದು ನಮಗೆ ಅನಿಸಿದ್ದುಂಟು.

ಕೇಳಿದವರು ಇದ್ದರು. ರಾಜಕಾರಣಿಗಳ ಫೋನ್ ಕದ್ದಾಲಿಕೆ ಕುರಿತ ಸಿಬಿಐ ವರದಿಯೊಂದು 1991ರಲ್ಲಿ 'ಮೇನ್‌ಸ್ಟ್ರೀಮ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಹಿಡಿದು ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್, ಅಂದರೆ ಪಿಯುಸಿಎಲ್, ಸುಪ್ರೀಂ ಕೋರ್ಟಿಗೆ ಹೋಯಿತು. ಅವರ ಪರವಾಗಿ ವಾದಿಸಿದವರು ರಾಜಿಂದರ್ ಸಾಚಾರ್. ಹೌದು, ಹತ್ತು ವರ್ಷಗಳ ಬಳಿಕ 2006ರಲ್ಲಿ ಈ ದೇಶದ ಮುಸ್ಲಿಮರ ಸ್ಥಿತಿಗತಿಯ ವರದಿ ಕೊಟ್ಟ ಅದೇ ಸಾಚಾರ್. ನಮ್ಮ ಸಮುದಾಯ ಅವರನ್ನು ಆ ವರದಿಯಿಂದಷ್ಟೇ ಬಲ್ಲದು. ಪ್ರತಿಯೊಬ್ಬ ಭಾರತೀಯನ ಫೋನಿಗಾಗಿ ಅವರು ವಾದಿಸಿದ್ದನ್ನು ನಮ್ಮಲ್ಲಿ ನೆನಪಿಸಿಕೊಂಡವರು ಕಡಿಮೆ.

ತೀರ್ಪು ಬಂದದ್ದು 1996ರ ಡಿಸೆಂಬರ್ 18ರಂದು. ಖರಕ್ ಸಿಂಗ್ ತೀರ್ಪಿಗೆ ಅಂದಿಗೆ ಸರಿಯಾಗಿ 34 ವರ್ಷ. ಮನೆಯಲ್ಲಿ, ಕಚೇರಿಯಲ್ಲಿ ನಿಶ್ಚಿಂತೆಯಿಂದ ಫೋನಿನಲ್ಲಿ ಮಾತಾಡುವುದು ಖಾಸಗಿತನದ ಭಾಗ, ಕಾನೂನಿನ ಪ್ರಕಾರವಲ್ಲದೆ ಅದನ್ನು ಕದ್ದು ಕೇಳುವಂತಿಲ್ಲ ಎಂದಿತು ನ್ಯಾಯಾಲಯ. ಸರಕಾರ ಮಾಡದ ನಿಯಮಗಳನ್ನು ತಾನೇ ಹಾಕಿಕೊಟ್ಟಿತು. ಆದೇಶ ಕೊಡಬೇಕಾದವರು ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿ. ಎರಡು ತಿಂಗಳಿಗೆ ಆದೇಶ ಮುಗಿಯಬೇಕು, ಮುಂದುವರಿಸಿದರೂ ಒಟ್ಟು ಆರು ತಿಂಗಳು ಮೀರಬಾರದು. ಆದೇಶದ ಪ್ರತಿ ಒಂದು ವಾರದೊಳಗೆ ಪರಿಶೀಲನಾ ಸಮಿತಿಗೆ ಹೋಗಬೇಕು. ಮೊದಲೇ ನ್ಯಾಯಾಧೀಶರ ಅನುಮತಿ ಪಡೆಯಬೇಕು ಎಂದು ಸಾಚಾರ್ ಕೇಳಿದ್ದರು. ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿಲ್ಲವೆಂದು ನ್ಯಾಯಾಲಯ ಒಪ್ಪಲಿಲ್ಲ.

ನಮ್ಮ ಮಟ್ಟಿಗೆ ಇಡೀ ಚರಿತ್ರೆಯ ಗಂಟು ಇರುವುದು ಈ ಒಂದು ನಿರಾಕರಣೆಯಲ್ಲಿ. ಪರಿಶೀಲನಾ ಸಮಿತಿಯಲ್ಲಿ ಯಾರಿರುತ್ತಾರೆ ಎಂದು ನೋಡಿ. ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ದೂರಸಂಪರ್ಕ ಕಾರ್ಯದರ್ಶಿ. ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ಜೊತೆಗೆ ಗೃಹ ಕಾರ್ಯದರ್ಶಿಯಲ್ಲದ ಇನ್ನೊಬ್ಬ ಸದಸ್ಯ. ಒಬ್ಬ ಕಾರ್ಯದರ್ಶಿಯ ಆದೇಶವನ್ನು ಅದೇ ಸರಕಾರದ ಇತರ ಕಾರ್ಯದರ್ಶಿಗಳು ನೋಡುತ್ತಾರೆ. ನ್ಯಾಯಾಧೀಶರಿಲ್ಲ, ವಿರೋಧ ಪಕ್ಷದವರಿಲ್ಲ, ಹೊರಗಿನ ಒಬ್ಬ ನಾಗರಿಕನೂ ಇಲ್ಲ. ಕದ್ದಾಲಿಕೆಗೆ ಒಳಗಾದವನಿಗೆ ಮುಂದೆಂದಾದರೂ ವಿಷಯ ತಿಳಿಸುವ ಏರ್ಪಾಡೂ ಇಲ್ಲ. ಗೊತ್ತೇ ಆಗದವನು ದೂರು ಕೊಡುವುದು ಎಲ್ಲಿಂದ? ಮನೆಗೆ ಗೋಡೆ ಹಾರಿ ಬಂದವರನ್ನು ಆ ಮದೀನಾದ ಮನುಷ್ಯ ಕಣ್ಣಾರೆ ಕಂಡಿದ್ದ, ಆದ್ದರಿಂದ ಪ್ರಶ್ನಿಸಿದ.

ಆ ಅಧಿಕಾರಿಗಳು ಪ್ರಾಮಾಣಿಕರಲ್ಲ ಎಂದು ನಾವು ಹೇಳುತ್ತಿಲ್ಲ. ಪ್ರಾಮಾಣಿಕರೇ ಇರಬಹುದು. ಆದರೆ ಲೆಕ್ಕ ನೋಡಿ. ದತ್ತಾಂಶ ಸಂರಕ್ಷಣೆಯ ಬಗ್ಗೆ ಸರಕಾರವೇ ನೇಮಿಸಿದ್ದ ಸಮಿತಿ 2018ರ ಜುಲೈನಲ್ಲಿ ವರದಿ ಕೊಟ್ಟಿತು. ಅದರ ಅಧ್ಯಕ್ಷರು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ. 1992-93ರ ಮುಂಬಯಿ ಗಲಭೆಗಳ ತನಿಖಾ ಆಯೋಗದಿಂದ ಅವರ ಹೆಸರು ನಮ್ಮ ಓದುಗರಿಗೆ ಪರಿಚಿತ. ಮಾಹಿತಿ ಹಕ್ಕಿನಡಿ ಹೊರಬಂದ ಅಂಕಿಗಳನ್ನು ಉಲ್ಲೇಖಿಸಿ ಆ ವರದಿ ಹೇಳಿದ್ದು ಇದು: ಕೇಂದ್ರ ಸರಕಾರವೊಂದೇ ತಿಂಗಳಿಗೆ ಸುಮಾರು 7,500ರಿಂದ 9,000 ಕದ್ದಾಲಿಕೆ ಆದೇಶ ಹೊರಡಿಸುತ್ತದೆ. ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನಾ ಸಮಿತಿ ಒಂದೊಂದು ಸಭೆಯಲ್ಲಿ 15,000ದಿಂದ 18,000 ಆದೇಶಗಳನ್ನು ನೋಡಬೇಕು. ಒಂದೊಂದಕ್ಕೆ ಒಂದು ನಿಮಿಷ ಕೊಟ್ಟರೂ, 15,000ಕ್ಕೆ 250 ಗಂಟೆ ಬೇಕು. ದೇಶದ ಇಡೀ ಆಡಳಿತದ ಹೊರೆ ಹೊತ್ತ ಮೂವರು ಅಷ್ಟು ಹೊತ್ತು ಕೂರುವುದು ಸಾಧ್ಯವೇ? ಸಹಿ ಹಾಕಿ ಮುಗಿಸುವುದೊಂದೇ ದಾರಿ.

ಸಮಿತಿಯಲ್ಲಿ ಹೊರಗಿನವರು ಒಬ್ಬರಿದ್ದರೆ ಏನು ಮಹಾ ವ್ಯತ್ಯಾಸ ಎಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರ ನ್ಯೂಯಾರ್ಕ್ ನಗರದ ಮುಸ್ಲಿಮರ ಅನುಭವದಲ್ಲಿದೆ. ಅಲ್ಲಿನ ಪೊಲೀಸರು ರಾಜಕೀಯ ಸಂಘಟನೆಗಳ ಮೇಲೆ ಬೇಹುಗಾರಿಕೆ ನಡೆಸುತ್ತಿದ್ದಾರೆಂದು 1971ರಲ್ಲಿ ಕೆಲವರು ದಾವೆ ಹೂಡಿದರು. 'ಹ್ಯಾಂಡ್‌ಶು' ಪ್ರಕರಣ ಎಂದು ಅದರ ಹೆಸರು. 1985ರಲ್ಲಿ ರಾಜಿಯಾಗಿ, ಇಂಥ ತನಿಖೆಗಳನ್ನು ನೋಡಲು ಮೂವರ ಮಂಡಳಿ ಬಂತು. ಇಬ್ಬರು ಪೊಲೀಸ್ ಅಧಿಕಾರಿಗಳು, ಒಬ್ಬ ಹೊರಗಿನ ನಾಗರಿಕ. 2001ರ ಸೆಪ್ಟೆಂಬರ್ ದಾಳಿಯ ಬಳಿಕ ಈ ಕಟ್ಟುಪಾಡು ಅಡ್ಡಿಯಾಗುತ್ತದೆ ಎಂದು ಪೊಲೀಸರು ನ್ಯಾಯಾಲಯಕ್ಕೆ ಹೋದರು. 2003ರಲ್ಲಿ ಅದು ಸಡಿಲವಾಯಿತು.

ಆಮೇಲೆ ನಡೆದದ್ದನ್ನು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2011ರ ಆಗಸ್ಟಿನಿಂದ ಒಂದೊಂದಾಗಿ ಬಯಲಿಗೆ ತಂದಿತು. 'ಡೆಮಾಗ್ರಾಫಿಕ್ಸ್ ಯೂನಿಟ್' ಎಂಬ ಗುಟ್ಟಿನ ಘಟಕವನ್ನು ಕಟ್ಟಿದ್ದರು. ಮಸೀದಿಗಳು, ಮುಸ್ಲಿಮರ ಹೋಟೆಲುಗಳು, ಪುಸ್ತಕದಂಗಡಿಗಳು, ಕಾಲೇಜು ವಿದ್ಯಾರ್ಥಿಗಳ ಸಂಘಗಳು ಎಲ್ಲೆಡೆ ಮಾಹಿತಿದಾರರು. ಖುತ್ಬಾದಲ್ಲಿ ಇಮಾಮರು ಏನು ಹೇಳಿದರು, ಚಹಾ ಕುಡಿಯುತ್ತ ಯಾರು ಯಾವ ಸುದ್ದಿಗೆ ಏನೆಂದರು ಎಂಬುದೆಲ್ಲ ಕಡತ ಸೇರಿತು. ಇವರಲ್ಲಿ ಹೆಚ್ಚಿನವರ ಮೇಲೆ ಯಾವ ಅಪರಾಧದ ಸಂಶಯವೂ ಇರಲಿಲ್ಲ, ಮುಸ್ಲಿಮರಾಗಿದ್ದರು ಅಷ್ಟೆ. ಗುಪ್ತಚರ ವಿಭಾಗದ ಮುಖ್ಯಸ್ಥರೇ 2012ರಲ್ಲಿ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯಲ್ಲಿ, ತಮ್ಮ ಅವಧಿಯಲ್ಲಿ ಈ ಘಟಕದ ಕೆಲಸದಿಂದ ಒಂದೇ ಒಂದು ಭಯೋತ್ಪಾದನಾ ತನಿಖೆಯೂ ಆರಂಭವಾಗಲಿಲ್ಲ ಎಂದು ಒಪ್ಪಿಕೊಂಡರು.

ಬಯಲಾದ ಮೇಲೆ ಮಸೀದಿಗಳಲ್ಲಿ ಏನಾಯಿತು? ಹೊಸಬರು ಬಂದರೆ ಜನ ಹಿಂದೆ ಸರಿದರು. ಇಸ್ಲಾಮಿನ ಬಗ್ಗೆ ಉತ್ಸಾಹದಿಂದ ಪ್ರಶ್ನೆ ಕೇಳಿದ ಯುವಕನನ್ನೇ ಸಂಶಯದಿಂದ ನೋಡಿದರು. ಕೆಲ ಇಮಾಮರು ತಪ್ಪಾಗಿ ಉಲ್ಲೇಖಿಸಿಯಾರೆಂಬ ಭಯದಿಂದ ತಮ್ಮ ಖುತ್ಬಾಗಳನ್ನು ತಾವೇ ರೆಕಾರ್ಡ್ ಮಾಡಿಡತೊಡಗಿದರು. ಸಲಾಮ್ ಹೇಳಿ ಅಪ್ಪಿಕೊಳ್ಳಬೇಕಾದ ಜಾಗದಲ್ಲಿ ಪಕ್ಕದ ಸಫ್ಫಿನವನು ಯಾರಿರಬಹುದು ಎಂಬ ಯೋಚನೆ! ಆಳುವವನ ಸಂಶಯ ಜನರನ್ನು ಕೆಡಿಸುತ್ತದೆ ಎಂದು ಮೊದಲು ಹೇಳಿದ್ದು ನಮಗೆ ಇಲ್ಲಿ ನೆನಪಾಗುತ್ತದೆ.

ಅಲ್ಲಿನ ಮುಸ್ಲಿಮರು ಸುಮ್ಮನೆ ಕೂರಲಿಲ್ಲ. ದಾವೆ ಹೂಡಿದರು. ಅವರ ಜೊತೆ ನಿಂತವರಲ್ಲಿ ಮುಸ್ಲಿಮೇತರ ವಕೀಲರು, ನಾಗರಿಕ ಹಕ್ಕುಗಳ ಸಂಘಟನೆಗಳು ಇದ್ದವು. 2014ರಲ್ಲಿ ಆ ಘಟಕವನ್ನು ಮುಚ್ಚಲಾಯಿತು. 2016ರ ಜನವರಿಯಲ್ಲಿ ರಾಜಿ ಒಪ್ಪಂದ ಬಂತು. ಪೊಲೀಸ್ ಸಮಿತಿಯಲ್ಲಿ ಹೊರಗಿನ ಒಬ್ಬ ನಾಗರಿಕ ಪ್ರತಿನಿಧಿ ಮತ್ತೆ ಕೂರಬೇಕು ಎಂಬುದು ಅದರ ಮುಖ್ಯ ಅಂಶ. ನ್ಯಾಯಾಧೀಶ ಚಾರ್ಲ್ಸ್ ಹೇಟ್ ಇದು ಸಾಲದು ಎಂದು ಅದನ್ನು ತಿರಸ್ಕರಿಸಿದರು! 2003ರಲ್ಲಿ ಕಟ್ಟುಪಾಡನ್ನು ಸಡಿಲಿಸಿದ್ದವರೂ ಅವರೇ ಎಂಬುದನ್ನು ಗಮನಿಸಬೇಕು. ಆ ಪ್ರತಿನಿಧಿಯ ಹುದ್ದೆಯನ್ನು ಮೇಯರ್ ತಮ್ಮಿಷ್ಟದಂತೆ ತೆಗೆದುಹಾಕುವಂತಿರಬಾರದು, ನಿಯಮ ಮೀರುತ್ತಿರುವುದು ಕಂಡರೆ ಆ ಪ್ರತಿನಿಧಿ ನ್ಯಾಯಾಲಯಕ್ಕೆ ತಿಳಿಸಬೇಕು ಎಂದು ಒತ್ತಾಯಿಸಿದರು. ಅದನ್ನು ಸೇರಿಸಿದ ಮೇಲೆ 2017ರಲ್ಲಿ ಒಪ್ಪಿಗೆ ಕೊಟ್ಟರು. ಆ ನಗರದಲ್ಲಿ ಈಗ ಎಲ್ಲವೂ ಸರಿಯಿದೆ ಎಂದು ನಾವು ಹೇಳುವುದಿಲ್ಲ. ಆದರೆ ಪೊಲೀಸರ ಬಳಗಕ್ಕೆ ಸೇರದ ಒಬ್ಬರು ಆ ಕೋಣೆಯೊಳಗೆ ಕೂತು ಕಡತ ನೋಡಬಲ್ಲರು. ನಮ್ಮಲ್ಲಿ ಆ ಒಂದು ಕುರ್ಚಿ ಇಲ್ಲ.

2017 ನಮ್ಮ ದೇಶದಲ್ಲೂ ದೊಡ್ಡ ವರ್ಷ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ವಿಚಾರಣೆಯ ವೇಳೆ ಕೇಂದ್ರ ಸರಕಾರ ಎತ್ತಿಕೊಂಡದ್ದು ಆ ಹಳೆಯ ತೀರ್ಪನ್ನೇ: ಖಾಸಗಿತನ ಮೂಲಭೂತ ಹಕ್ಕಲ್ಲವೆಂದು ಖರಕ್ ಸಿಂಗ್ ಪ್ರಕರಣದಲ್ಲಿ ಹೇಳಿದೆಯಲ್ಲ! ಆ ಮಾತಿನಿಂದಾಗಿ ಪ್ರಶ್ನೆ ಒಂಬತ್ತು ನ್ಯಾಯಾಧೀಶರ ಪೀಠಕ್ಕೆ ಹೋಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು, ಖರಕ್ ಸಿಂಗ್ ತೀರ್ಪಿನ ಆ ಭಾಗವನ್ನು ಅಳಿಸಿಹಾಕಿದರು. ಅಂದು ಒಂಟಿಯಾಗಿ ಭಿನ್ನಮತ ಬರೆದ ಸುಬ್ಬರಾವ್ ಮತ್ತು ಶಾ ಅವರ ನಿಲುವು ಗೆದ್ದಿತು. ಆ ಒಂಬತ್ತು ಮಂದಿಯಲ್ಲಿ ಒಬ್ಬರು ಮೂಡುಬಿದಿರೆ ಬಳಿಯ ಬೆಳುವಾಯಿಯ ಎಸ್. ಅಬ್ದುಲ್ ನಝೀರ್. ಅರ್ಜಿದಾರ ಕರ್ನಾಟಕದವರು, ತೀರ್ಪು ಕೊಟ್ಟವರಲ್ಲೊಬ್ಬರು ನಮ್ಮ ಕರಾವಳಿಯವರು. ಮಕ್ಕಳಿಗೆ ಹೇಳಬೇಕಾದ ಸಂಗತಿ ಇದು.

ಸರಕಾರ ಖಾಸಗಿತನಕ್ಕೆ ಕೈ ಹಾಕುವುದಿದ್ದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಕೈ ಹಾಕುವುದು ಆ ಉದ್ದೇಶಕ್ಕೆ ಬೇಕಾದಷ್ಟಕ್ಕೆ ಮಾತ್ರ ಇರಬೇಕು ಎಂದು ಆ ತೀರ್ಪು ಹೇಳುತ್ತದೆ. ಅಲ್ ಮಾವರ್ದಿಯವರ ಪುಸ್ತಕ ಓದಿದವರಿಗೆ ಇದು ಅಷ್ಟೇನೂ ಹೊಸದೆನಿಸದು. ಆದರೆ ಈ ಮೂರನ್ನು ಪಾಲಿಸಿದ್ದಾರೆಯೇ ಎಂದು ದಿನದಿನ ನೋಡುವವರು ಯಾರು ಎಂಬ ಪ್ರಶ್ನೆಯನ್ನು ಸಂಸತ್ತು ಎತ್ತಿಕೊಳ್ಳಬೇಕಿತ್ತು. ಮರುವರ್ಷ, 2018ರ ಡಿಸೆಂಬರ್ 20ರಂದು, ಗೃಹ ಸಚಿವಾಲಯ ಹತ್ತು ಸಂಸ್ಥೆಗಳಿಗೆ ಕಂಪ್ಯೂಟರುಗಳಲ್ಲಿನ ಮಾಹಿತಿಯನ್ನು ನೋಡುವ ಅಧಿಕಾರವಿದೆ ಎಂದು ಅಧಿಸೂಚನೆ ಹೊರಡಿಸಿತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ, ಸರಕಾರ ಸೂಚಿಸಿದ ತನ್ನದೇ ಸಂಸ್ಥೆಗಳಿಗೆ ದೇಶದ ಭದ್ರತೆಯಂಥ ಕಾರಣಗಳಿಗಾಗಿ ವಿನಾಯಿತಿ ಕೊಡಲು ದಾರಿ ಬಿಟ್ಟಿತು.

ನಡುವೆ ಪೆಗಾಸಸ್ ಬಂತು. ಮೊಬೈಲಿನೊಳಗೆ ನುಸುಳಿ ಎಲ್ಲವನ್ನೂ ಓದಬಲ್ಲ ಇಸ್ರೇಲಿ ಕಂಪನಿಯ ತಂತ್ರಾಂಶ ಅದು. ಪತ್ರಕರ್ತರು, ವಿರೋಧ ಪಕ್ಷದ ನಾಯಕರು, ಹೋರಾಟಗಾರರ ಫೋನುಗಳು ಅದಕ್ಕೆ ಗುರಿಯಾಗಿವೆ ಎಂಬ ವರದಿಗಳು 2021ರ ಜುಲೈನಲ್ಲಿ ಬಂದಾಗ ಸರಕಾರ ಹೌದೆನ್ನಲಿಲ್ಲ, ಇಲ್ಲವೆಂದೂ ಸ್ಪಷ್ಟವಾಗಿ ಪ್ರಮಾಣಪತ್ರ ಕೊಡಲಿಲ್ಲ. ದೇಶದ ಭದ್ರತೆ ಎಂದ ಮಾತ್ರಕ್ಕೆ ತಾನು ಸುಮ್ಮನಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಅಕ್ಟೋಬರ್ 27ರಂದು ತಜ್ಞರ ಸಮಿತಿ ನೇಮಿಸಿತು. ಅದರ ಮೇಲುಸ್ತುವಾರಿ ವಹಿಸಿದ್ದು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲೂ ಇದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಪರೀಕ್ಷೆಗೆ ಬಂದ 29 ಫೋನುಗಳಲ್ಲಿ ಐದರಲ್ಲಿ ಕುತಂತ್ರಾಂಶವೊಂದು ಇತ್ತು, ಪೆಗಾಸಸ್ ಎಂದು ಖಚಿತವಾಗಿ ಹೇಳಲಾಗದು ಎಂಬುದು 2022ರ ಆಗಸ್ಟಿನಲ್ಲಿ ಗೊತ್ತಾಯಿತು. ಸರಕಾರ ಸಮಿತಿಗೆ ಸಹಕರಿಸಲಿಲ್ಲ ಎಂದು ಮುಖ್ಯ ನ್ಯಾಯಮೂರ್ತಿಗಳೇ ತೆರೆದ ನ್ಯಾಯಾಲಯದಲ್ಲಿ ಹೇಳಿದರು. ಸುಪ್ರೀಂ ಕೋರ್ಟಿನ ಸಮಿತಿಗೇ ಈ ಗತಿಯಾದರೆ ನಮ್ಮ ಅಬ್ಬ, ಕಾಕಂದಿರು ಫೋನಿನಲ್ಲಿ ದನಿ ತಗ್ಗಿಸುವುದರಲ್ಲಿ ಆಶ್ಚರ್ಯವೇನು?

"ನಾವು ತಪ್ಪು ಮಾಡಿಲ್ಲ, ನೋಡಿದರೆ ನೋಡಲಿ" ಎನ್ನುವವರು ನಮ್ಮಲ್ಲೂ ಇದ್ದಾರೆ. ಖರಕ್ ಸಿಂಗ್ ಮೇಲೂ ತಪ್ಪು ಸಾಬೀತಾಗಿರಲಿಲ್ಲ ಎಂದಷ್ಟೇ ಅವರಿಗೆ ನಮ್ಮ ಉತ್ತರ.

ನ್ಯಾಯಮೂರ್ತಿ ಪುಟ್ಟಸ್ವಾಮಿಯವರು 2024ರ ಅಕ್ಟೋಬರ್ 28ರಂದು ತಮ್ಮ 98ನೇ ವಯಸ್ಸಿನಲ್ಲಿ ನಿಧನರಾದರು. ಆ ಹೊತ್ತಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರ ಹೊಸ ದೂರಸಂಪರ್ಕ ಕಾಯ್ದೆ ಬಂದಿತ್ತು. ಕದ್ದಾಲಿಕೆ ಹೇಗೆ ನಡೆಯಬೇಕೆಂಬ ಹೊಸ ನಿಯಮಗಳು ಅದೇ 2024ರ ಡಿಸೆಂಬರ್ 6ರಂದು ಪ್ರಕಟವಾದವು. ಪರಿಶೀಲನಾ ಸಮಿತಿಯಲ್ಲಿ ಈಗಲೂ ಮೂವರು. ಮೂವರೂ ಸರಕಾರದ ಕಾರ್ಯದರ್ಶಿಗಳು.